ಬಿಳಿಗಿರಯ್ಯನವರ ಮನೆಯ ಮೇಲಿನ ನೆರಳು

ನಮ್ಮ ಊರಿನಲ್ಲಿ ಯಾರ ಮನೆಗೆ ಹೋದರೂ ಬಾಗಿಲ ಮುಂದೆ ನಿಂತು ತಲೆ ಎತ್ತಿ ನೋಡಬಾರದು. ಚಪ್ಪಲಿ ಬಿಡುವಾಗ ಕಣ್ಣು ನೆಲದ ಮೇಲಿರಬೇಕು, ಒಳಗೆ ಹೋಗಿ ನೀರು ಕುಡಿದು, ಮಾತಾಡಿ, ಹಾಗೇ ಹೊರಟು ಬರಬೇಕು. ಮೇಲೆ ಏನಿದೆ ಎಂದು ಗೊತ್ತಿದ್ದರೂ ಗೊತ್ತಿಲ್ಲದವರ ಹಾಗೆ ಇರುವುದನ್ನು ಮಕ್ಕಳಿಗೆ ಮಾತು ಬರುವ ಹೊತ್ತಿಗೇ ಕಲಿಸಿರುತ್ತೇವೆ. ಹೆಣ್ಣು ನೋಡಲು ಬರುವವರು ಮಾತ್ರ ಬೀದಿಯ ತುದಿಯಲ್ಲೇ ನಿಂತು, ಕರವಸ್ತ್ರದಿಂದ ಮುಖ ಒರೆಸಿಕೊಳ್ಳುವ ನೆಪದಲ್ಲಿ ಒಮ್ಮೆ ಕಣ್ಣು ಮೇಲೆತ್ತುತ್ತಾರೆ. ಅದನ್ನೂ ಯಾರೂ ಕಂಡೂ ಕಾಣದ ಹಾಗೆ ಬಿಡುತ್ತಾರೆ.

ಬೇರೆ ಬೇರೆಯಾಗಿ ಇಟ್ಟ ಕಸ ನಮ್ಮಲ್ಲಿ ನೆಲದ ಮೇಲೇ ಇರುತ್ತದೆ. ತರಕಾರಿ ಸಿಪ್ಪೆ, ಮುಸುರೆ ಹಿತ್ತಲ ಗುಂಡಿಗೆ ಹೋಗಿ ಮೂರು ತಿಂಗಳಲ್ಲಿ ಮಣ್ಣಾಗುತ್ತವೆ. ಕಾಗದ, ಗಾಜು, ಪ್ಲಾಸ್ಟಿಕ್ಕು, ಹಳೆ ಬಟ್ಟೆ ತಮ್ಮ ತಮ್ಮ ಬುಟ್ಟಿಯಲ್ಲಿ ಕಾದಿದ್ದು ಕಸ ಒಯ್ಯುವ ಸಿದ್ದಮ್ಮನ ಗಾಡಿ ಬಂದ ದಿನ ಹೊರಡುತ್ತವೆ. ಹಾಗಲ್ಲದೆ ಎಲ್ಲವನ್ನೂ ಒಂದೇ ಚೀಲಕ್ಕೆ ತುರುಕಿ ಬಾಯಿ ಕಟ್ಟಿಟ್ಟರೆ, ಮಾರನೆಯ ಬೆಳಿಗ್ಗೆ ಇಬ್ಬನಿ ಆರುವ ಹೊತ್ತಿಗೆ ಆ ಚೀಲ ನೆಲ ಬಿಡುತ್ತದೆ. ಅವಸರವಿಲ್ಲದೆ, ನಿದ್ದೆಗಣ್ಣಲ್ಲಿ ನಡೆಯುವವರ ಹಾಗೆ ಗೋಡೆ ಸವರಿಕೊಂಡು ಏರಿ, ಕಟ್ಟಿದವರ ತಾರಸಿಯ ಮೇಲೆ ಎರಡಾಳೆತ್ತರದಲ್ಲಿ ನಿಂತುಬಿಡುತ್ತದೆ. ಗಾಳಿ ಬಂದರೆ ಅಲ್ಲಾಡುತ್ತದೆ, ಹೋಗುವುದಿಲ್ಲ. ದೂರ ಒಯ್ದು ಎಸೆದು ಬಂದವರೂ ಇದ್ದಾರೆ. ಅವರು ಮನೆ ತಲುಪುವುದರೊಳಗೆ ಚೀಲ ದಾರಿ ಹುಡುಕಿಕೊಂಡು ಬಂದು ನಿಂತಿರುತ್ತದೆ. ಬೇಸಿಗೆಗೆ ತಂಪಾಗಿರಲಿ ಎಂದು ನಾಲ್ಕೈದು ಚೀಲಗಳನ್ನು ಬೇಕೆಂದೇ ಉಳಿಸಿಕೊಂಡ ಮನೆಗಳೂ ಉಂಟು. ಮಧ್ಯಾಹ್ನ ನಮ್ಮ ಬೀದಿಯಲ್ಲಿ ನಡೆದರೆ ಹೆಗಲ ಮೇಲೆ ನೆರಳು, ಬಿಸಿಲು, ಮತ್ತೆ ನೆರಳು ಬಂದು ಹೋಗುತ್ತಿರುತ್ತವೆ.

ನನ್ನ ಹೆಸರು ವಿಶಾಲಾಕ್ಷಿ. ಹಪ್ಪಳ, ಸಂಡಿಗೆ ಮಾಡುವುದು ನನ್ನ ಕೆಲಸ. ನನ್ನ ಯಜಮಾನರು ಹಿಟ್ಟಿನ ಗಿರಣಿಗೆ ಹೋದ ಮೇಲೆ ಇಡೀ ದಿನ ನಾನು, ನನ್ನ ತಾರಸಿ, ಬಿಸಿಲು ಮೂವರೇ. ನಮ್ಮ ತಾರಸಿಯ ಮೇಲೆ ಒಂದು ಚೀಲವೂ ಇರಲಿಲ್ಲ. ಇರುವಂತೆಯೂ ಇರಲಿಲ್ಲ, ಬಿಸಿಲೇ ನನ್ನ ಬಂಡವಾಳ. ಅದರ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು ಎಂದು ಈಗ ಒಪ್ಪಿಕೊಳ್ಳುತ್ತೇನೆ.

ಪಕ್ಕದ ಮನೆ ದರ್ಜಿ ಬಿಳಿಗಿರಯ್ಯನವರದು. ಬೀದಿಯ ಹೆಂಗಸರೆಲ್ಲರ ಬ್ಲೌಸು ಅವರ ಕೈಯಲ್ಲೇ ಆಗಬೇಕು. ಒಮ್ಮೆ ಅಳತೆ ತೆಗೆದು ಪುಸ್ತಕದಲ್ಲಿ ಬರೆದಿಟ್ಟರೆ, ಆಮೇಲೆ ಬಾಗಿಲಲ್ಲಿ ನಿಂತವರನ್ನು ನೋಡಿಯೇ ದಪ್ಪಗಾಗಿದ್ದಾರೋ ಸಣ್ಣಗಾಗಿದ್ದಾರೋ ಹೇಳುತ್ತಿದ್ದರು. ಅವರ ಹೆಂಡತಿ ಚೆಲುವಾಂಬ ನನಗಿಂತ ಏಳು ವರ್ಷ ಚಿಕ್ಕವಳು. ನಮ್ಮ ಎರಡೂ ತಾರಸಿಗಳ ನಡುವೆ ಸೊಂಟದೆತ್ತರದ ಒಂದು ಗೋಡೆ. ಹತ್ತೊಂಬತ್ತು ವರ್ಷ ಆ ಗೋಡೆಯ ಮೇಲಿಂದ ಮಜ್ಜಿಗೆ, ಕರಿಬೇವು, ಊರಿನ ಸುದ್ದಿ ಎಲ್ಲವೂ ಆಚೆ ಈಚೆ ಓಡಾಡಿದ್ದವು.

ಆ ವರ್ಷ ಸಂಕ್ರಾಂತಿ ಕಳೆದು ಹತ್ತು ಹನ್ನೆರಡು ದಿನಕ್ಕೆ, ಅಕ್ಕಿ ಸಂಡಿಗೆ ಒತ್ತಿ ಪಂಚೆಯ ಮೇಲೆ ಹರಡಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ, ಪಂಚೆಯ ಒಂದು ಮೂಲೆ ಕಪ್ಪಾಯಿತು. ಮೋಡವಿರಬೇಕು ಎಂದುಕೊಂಡೆ. ನೋಡಿದರೆ ಬಿಳಿಗಿರಯ್ಯನವರ ಮನೆಯ ಮೇಲೆ ಒಂದು ಕರಿ ಚೀಲ. ಮಾರನೆಯ ದಿನ ಎರಡಾದವು. ಒಂದು ವಾರಕ್ಕೆ ಒಂದಕ್ಕೊಂದು ಆತುಕೊಂಡು ಎಮ್ಮೆಗಳ ಹಿಂಡು ನಿಂತ ಹಾಗೆ ನಿಂತವು. ಶಿವರಾತ್ರಿಯ ಹೊತ್ತಿಗೆ ಗೋಡೆ ದಾಟಿ ನನ್ನ ತಾರಸಿಯ ಅರ್ಧದವರೆಗೂ ನೆರಳು ಚಾಚಿತು. ಸಂಡಿಗೆ ಒಣಗದೆ ಹುಳಿ ವಾಸನೆ ಬಂತು, ಹಪ್ಪಳಕ್ಕೆ ಬೂಸ್ಟು ಹಿಡಿಯಿತು. ಅವರ ಹಿತ್ತಲ ನುಗ್ಗೆಮರ ಆ ವರ್ಷ ಹೂವನ್ನೇ ಬಿಡಲಿಲ್ಲ.

ಗೋಡೆಯ ಬಳಿ ನಿಂತು ಚೆಲುವಾಂಬಳನ್ನು ಕರೆದು ಕೇಳಬಹುದಿತ್ತು. ಒಮ್ಮೆ ಬಾಯಿಯವರೆಗೂ ಬಂತು. ಆದರೆ ಅವಳು ಈಗೀಗ ತಾರಸಿಗೆ ಬರುತ್ತಲೇ ಇರಲಿಲ್ಲ, ಬಂದರೂ ಮುಖ ತಿರುಗಿಸಿಕೊಂಡು ಇಳಿದು ಹೋಗುತ್ತಿದ್ದಳು. ಬಿಳಿಗಿರಯ್ಯನವರಿಗೆ ಸೊಂಟನೋವು, ಅದಕ್ಕೇ ಮನೆ ಮುಂದಿನ ಅಂಗಡಿಯಲ್ಲಿ ಕೂರುವುದಿಲ್ಲ, ಒಳಗೇ ಹೊಲಿಯುತ್ತಾರೆ ಎಂದು ಬಾಗಿಲಿಗೆ ಬಟ್ಟೆ ಕೊಡಲು ಬಂದವರಿಗೆ ಅವಳು ಹೇಳುತ್ತಿದ್ದುದು ನನಗೂ ಕೇಳಿತ್ತು. ಮಿಷನ್ನಿನ ಸದ್ದು ದಿನವೂ ಬರುತ್ತಿತ್ತು. ಹೊಲಿಯಲು ಬಿಡುವಿದೆ, ಕಸ ಬೇರೆ ಮಾಡಲು ಇಲ್ಲ ಎಂದು ನನ್ನೊಳಗೆ ನಾನೇ ಲೆಕ್ಕ ಹಾಕಿಕೊಂಡು ಮಾತು ಬಿಟ್ಟೆ.

ಆಮೇಲೆ ಕಾಲವಲ್ಲದ ಕಾಲದಲ್ಲಿ ಒಂದು ಮಳೆ ಬಂತು. ಆ ಚೀಲಗಳ ಮೇಲೆ ಬಿದ್ದ ನೀರು ಅವುಗಳ ಸಂದಿನಿಂದ ಹಳದಿಯಾಗಿ, ಜಿಡ್ಡಾಗಿ ಇಳಿಯಿತು. ಎರಡೂ ಹಿತ್ತಲು ದಾಟಿ ಬೀದಿಯ ಬಾವಿಗೆ ಹೋಯಿತು. ಮೂರು ದಿನಕ್ಕೆ ಬಾವಿಯ ಕಪ್ಪೆಗಳು ಒಂದೊಂದಾಗಿ ಮೆಟ್ಟಿಲೇರಿ ಬಂದು ಕಟ್ಟೆಯ ಮೇಲೆ ಕೂತವು, ಓಡಿಸಿದರೂ ಮತ್ತೆ ನೀರಿಗೆ ಇಳಿಯಲಿಲ್ಲ. ಸೇದಿದ ನೀರಿನಲ್ಲಿ ಸಾಬೂನು ನೊರೆಯಾಗಲಿಲ್ಲ. ಬೀದಿಯ ಯಜಮಾನರು ಸಣ್ಣತಮ್ಮಯ್ಯ ಎಂದು, ಅವರ ಮೊಮ್ಮಗುವಿಗೆ ಭೇದಿ ಹತ್ತಿ ಎರಡು ದಿನ ಕಣ್ಣು ತೆರೆಯಲಿಲ್ಲ. ಅವತ್ತೇ ನಾನು ಅವರ ಮನೆಗೆ ಹೋಗಿ ದೂರು ಹೇಳಿದೆ.

ದೂರು ಎಂದರೆ ನಮ್ಮಲ್ಲಿ ಸಣ್ಣ ವಿಷಯವಲ್ಲ. ಹೇಳಿದ ಎಂಟನೆಯ ದಿನ ಬೀದಿಯವರೆಲ್ಲ ಸೇರುತ್ತಾರೆ. ಆ ಮನೆಯ ಮೇಲಿರುವ ಚೀಲಗಳನ್ನು ನಡುಬೀದಿಗೆ ಇಳಿಸಿ, ಆ ಮನೆಯವರೇ ಎಲ್ಲರೆದುರು ಬಿಚ್ಚಿ ಬೇರೆ ಬೇರೆ ಮಾಡಬೇಕು. ಹಿಂದಿನ ಸಲ ಹಾಗೆ ನಡೆದು ಹನ್ನೊಂದು ವರ್ಷವಾಗಿತ್ತು. ಆ ಚೀಲಗಳಲ್ಲಿ ಏನೇನಿತ್ತು ಎಂದು ಜನ ಇವತ್ತಿಗೂ ಹೇಳಬಲ್ಲರು. ಆ ಮನೆಯವರು ಮಾತ್ರ ಈಗ ಊರಿನಲ್ಲಿಲ್ಲ.

ದೂರು ಕೊಟ್ಟ ಮೂರನೆಯ ದಿನ ನಾನು ತಾರಸಿಯಲ್ಲಿ ಬೂಸ್ಟು ಹಿಡಿದ ಹಪ್ಪಳ ಆರಿಸುತ್ತಾ ಕೂತಿದ್ದೆ. ಒಂದು ಹದ್ದು ಎಲ್ಲಿಂದಲೋ ಬಂದು ಆ ಚೀಲಗಳ ಅಂಚಿನಲ್ಲಿ ಕೂತು, ಒಂದನ್ನು ಕೊಕ್ಕಿನಿಂದ ಸೀಳಿತು. ಒಳಗಿನವು ಬೇರೆಯಾದ ತಕ್ಷಣ ಅವಕ್ಕೆ ಭಾರ ಬಂತು. ಒಂದೊಂದಾಗಿ, ಮರದಿಂದ ಹಣ್ಣೆಲೆ ಬಿಡುವ ಹಾಗೆ ನಿಧಾನವಾಗಿ ನನ್ನ ಸುತ್ತ ಬಿದ್ದವು. ಚಹಾದ ಚರಟ, ಕಿತ್ತಳೆ ಸಿಪ್ಪೆ, ಖಾಲಿಯಾದ ಮಾತ್ರೆಯ ಹಾಳೆಗಳು. ಮಡಚಿ ಕಟ್ಟಿದ, ದೊಡ್ಡವರಿಗೆ ಹಾಕುವ ಡಯಾಪರು. ಸಣ್ಣ ಕೊಳವೆಯಿದ್ದ ಮೂತ್ರದ ಚೀಲ. ಕೊನೆಗೆ ಒಂದಿಷ್ಟು ಹಳೆಯ ಪೇಪರಿನ ಹಾಳೆಗಳು ಬಿದ್ದವು. ಅವುಗಳ ತುಂಬ ಕೆಂಪು ದಾರದ ಹೊಲಿಗೆ. ಮೊದಲ ಹಾಳೆಗಳಲ್ಲಿ ಹೊಲಿಗೆ ಕುಡಿದವರ ನಡಿಗೆಯ ಹಾಗೆ ಅತ್ತಿತ್ತ ಹೋಗಿತ್ತು, ಆಮೇಲಿನವುಗಳಲ್ಲಿ ಸ್ವಲ್ಪ ನೆಟ್ಟಗಾಗಿತ್ತು. ಅವುಗಳ ಜೊತೆ ಒಂದು ಬ್ಲೌಸಿನ ತೋಳು, ಒಳಹೊರಗು ತಪ್ಪಿ ಜೋಡಿಸಿ, ಕಿತ್ತು, ಮತ್ತೆ ಜೋಡಿಸಿ, ಮತ್ತೆ ಕಿತ್ತದ್ದು.

ನಾನು ಆ ಹಾಳೆಗಳನ್ನು ತೊಡೆಯ ಮೇಲಿಟ್ಟುಕೊಂಡು ತುಂಬ ಹೊತ್ತು ಕೂತಿದ್ದೆ. ಕೆಳಗೆ ಮಿಷನ್ನು ಓಡುತ್ತಿತ್ತು. ಎರಡು ತಿಂಗಳಿಂದ ಕೇಳಿಸಿಕೊಳ್ಳುತ್ತಿದ್ದ ಸದ್ದನ್ನು ಅವತ್ತು ಮೊದಲ ಸಲ ಕಿವಿಗೊಟ್ಟು ಕೇಳಿದೆ. ನಾಲ್ಕು ಹೊಲಿಗೆ ಓಡುತ್ತದೆ, ನಿಲ್ಲುತ್ತದೆ. ಮತ್ತೆ ನಾಲ್ಕು ಹೊಲಿಗೆ. ಬಿಳಿಗಿರಯ್ಯನವರ ಕಾಲು ಹಾಗೆ ತುಳಿಯುವ ಕಾಲಲ್ಲ.

ಸಣ್ಣತಮ್ಮಯ್ಯನವರ ಮನೆಗೆ ಓಡಿದೆ. ಒಳಗೆ ಏನಿತ್ತು ಎಂದು ಹೇಳದೆ, ದೂರು ವಾಪಸ್ ತಗೊಳ್ಳುತ್ತೇನೆ ಎಂದೆ. ಅವರು ಕೆಟ್ಟವರಲ್ಲ. ಮೊಮ್ಮಗುವನ್ನು ತೊಡೆಯ ಮೇಲೆ ಮಲಗಿಸಿಕೊಂಡು ಬೆನ್ನು ನೇವರಿಸುತ್ತಿದ್ದರು. ದೂರು ನಿನ್ನದು, ಬಾವಿ ನಿನ್ನೊಬ್ಬಳದಲ್ಲವಲ್ಲ ಎಂದರು.

ಅಲ್ಲಿಂದ ನೇರ ಚೆಲುವಾಂಬಳ ಬಾಗಿಲು ತಟ್ಟಿದೆ. ಅವಳು ಒಂದು ಬೆರಳಷ್ಟು ತೆರೆದಳು. ನಾನು ಆ ಹೊಲಿದ ಹಾಳೆಗಳನ್ನು ಚಾಚಿದೆ. ಅವಳು ನೋಡಿದಳು, ತೆಗೆದುಕೊಳ್ಳಲಿಲ್ಲ, ಬಾಗಿಲನ್ನೂ ಮುಚ್ಚಲಿಲ್ಲ. ಒಳಗೆ ಹೋದೆ. ನಡುಮನೆಯ ಮಂಚದ ಮೇಲೆ ಬಿಳಿಗಿರಯ್ಯ ಮಲಗಿದ್ದರು. ಸಂಕ್ರಾಂತಿಯ ಮಾರನೆಯ ದಿನ ಲಕ್ವ ಹೊಡೆದು ಬಲಭಾಗ ಪೂರ್ತಿ ಬಿದ್ದುಹೋಗಿತ್ತು. ಹಗಲಿನಲ್ಲೂ ದೀಪ ಹಾಕಿದ್ದರು, ಆ ಮನೆಯೊಳಗೆ ಅಷ್ಟು ಕತ್ತಲೆ. ನನ್ನನ್ನು ಕಂಡು ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಂಡರು.

ಚೆಲುವಾಂಬ ನನ್ನನ್ನು ಅಡುಗೆಮನೆಗೆ ಕರೆದುಕೊಂಡು ಹೋಗಿ ಹೇಳಿದಳು. ಯಾರಿಗೂ ಗೊತ್ತಾಗುವುದು ಬೇಡ ಎಂದು ಅವರು ಕೇಳಿಕೊಂಡಿದ್ದರಂತೆ. ಅಳತೆ ಪುಸ್ತಕವಿತ್ತು, ಮಿಷನ್ನಿತ್ತು. ಅವರು ಮಲಗಿದಲ್ಲಿಂದಲೇ ಹೇಳಿಕೊಡುತ್ತಾ ಹೋದರು, ಅವಳು ಮೊದಲು ಪೇಪರಿನ ಮೇಲೆ, ಆಮೇಲೆ ಬಟ್ಟೆಯ ಮೇಲೆ ಹೊಲಿಯುತ್ತಾ ಬಂದಳು. ಕಸ ಬೇರೆ ಬೇರೆ ಮಾಡಿ ಇಟ್ಟರೆ ಸಿದ್ದಮ್ಮನ ಗಾಡಿಯಲ್ಲಿ ಡಯಾಪರುಗಳು ಬೀದಿಯುದ್ದಕ್ಕೂ ಎಲ್ಲರ ಕಣ್ಣಿಗೆ ಬೀಳುತ್ತವೆ. ಕರಿ ಚೀಲದಲ್ಲಿ ಕಟ್ಟಿದರೆ ಮೇಲಕ್ಕೆ ಹೋಗುತ್ತದೆ, ಆದರೆ ಒಳಗೇನಿದೆ ಎಂದು ಕಾಣುವುದಿಲ್ಲ.

"ನೆರಳು ನಿಮ್ಮ ಮೇಲೆ ಬೀಳ್ತಿದೆ ಅಂತ ಗೊತ್ತಿತ್ತು ಅಕ್ಕ," ಎಂದಳು. "ದಿನಾ ಗೊತ್ತಿತ್ತು. ಗೋಡೆ ಹತ್ರ ಬಂದು ಒಂದು ಮಾತು ಕೇಳ್ತೀರಿ, ಆಗ ಹೇಳ್ಬಿಡೋಣ ಅಂತ ಕಾಯ್ತಿದ್ದೆ. ನೀವು ಯಜಮಾನರ ಮನೆಗೆ ಹೋದ್ರಿ."

ನಾನು ತಪ್ಪಾಯಿತು ಎಂದೆ. ಅವಳು ಆಯಿತು ಎನ್ನಲಿಲ್ಲ. ನೀರು ಬೇಕಾ ಎಂದು ಕೇಳಿ, ಬಾವಿಯದಲ್ಲ, ಕೊಂಡು ತಂದ ನೀರು ಎಂದು ಹೇಳಿ ಲೋಟ ಕೊಟ್ಟಳು.

ಮಾರನೆಯ ದಿನ ಗಾಡಿ ತಂದ ಸಿದ್ದಮ್ಮನನ್ನು ನಾನು ಮನೆಯೊಳಗೆ ಕರೆದು ಕೂರಿಸಿದೆ. ಸಿದ್ದಮ್ಮ ಮೂವತ್ತು ವರ್ಷದಿಂದ ಈ ಬೀದಿಗಳ ಕಸ ಒಯ್ಯುವವಳು. ಮೇಲಿನ ಚೀಲ ಇಳಿಸುವ ಕೊಕ್ಕೆ ಕಟ್ಟಿದ ದೋಟಿ ಅವಳೊಬ್ಬಳ ಹತ್ತಿರ ಇದೆ. ಅವಳು ಹೇಳಿದ ಪ್ರಕಾರ, ಎಂಟನೆಯ ದಿನ ಜನ ಸೇರಿದಾಗ ಮೇಲೆ ಏನೂ ಇಲ್ಲದಿದ್ದರೆ, ಅವರು ಸುಮ್ಮನೆ ಆಕಾಶ ನೋಡಿಕೊಂಡು ಮನೆಗೆ ಹೋಗಬೇಕು, ಅಷ್ಟೇ. ಐವತ್ತಕ್ಕೂ ಹೆಚ್ಚು ಚೀಲಗಳಿದ್ದವು. ಉಳಿದದ್ದು ನಾಲ್ಕು ಮಧ್ಯಾಹ್ನ.

ಊಟ ಮುಗಿದು ಬೀದಿಯೆಲ್ಲ ಮಲಗಿದ ಮೇಲೆ, ಚೆಲುವಾಂಬಳಿಗೂ ಇದನ್ನು ಹೇಳಿ, ನಾವು ಮೂವರು ಅವಳ ತಾರಸಿಗೆ ಏರಿದೆವು. ಸಂಡಿಗೆ ಹರಡುವ ನನ್ನ ಪಂಚೆಗಳೆಲ್ಲವನ್ನೂ ಒದ್ದೆ ಮಾಡಿ, ಒಣಗಲು ಹಾಕಿದ ಹಾಗೆ ಸುತ್ತಲೂ ಹಗ್ಗಕ್ಕೆ ಇಳಿಬಿಟ್ಟೆ. ಹೊರಗಿನಿಂದ ನೋಡಿದವರಿಗೆ ಬಿಳಿ ಬಟ್ಟೆಯಷ್ಟೇ ಕಾಣಬೇಕು. ಸಿದ್ದಮ್ಮ ದೋಟಿ ಎತ್ತಿ ಕೊಕ್ಕೆ ಸಿಗಿಸಿ ಎಳೆಯುತ್ತಿದ್ದಳು. ಚೀಲ ಒಲ್ಲದ ಕರುವಿನ ಹಾಗೆ ತಲೆ ಆಡಿಸುತ್ತಾ ಇಳಿಯುತ್ತಿತ್ತು. ನಾನೂ ಚೆಲುವಾಂಬಳೂ ಎರಡು ಕಡೆ ಹಿಡಿದುಕೊಂಡು ಗಂಟು ಬಿಚ್ಚುತ್ತಿದ್ದೆವು. ಬಿಡುವವರೆಗೂ ಕೈಯಲ್ಲಿ ಎಳೆತ, ನಮ್ಮನ್ನೇ ಎತ್ತಿಕೊಂಡು ಹೋಗುತ್ತದೇನೋ ಎನ್ನುವಂಥ ಎಳೆತ. ಸಿಪ್ಪೆ ಒಂದು ಕಡೆ, ಪ್ಲಾಸ್ಟಿಕ್ಕು ಒಂದು ಕಡೆ ಆಗುತ್ತಿದ್ದಂತೆ ಕೈ ಹಗುರಾಗುತ್ತಿತ್ತು, ನೆಲದ ಮೇಲಿನ ಗುಡ್ಡೆಗಳು ತಣ್ಣಗೆ ಕೂರುತ್ತಿದ್ದವು. ಒದ್ದೆ ಪಂಚೆಗಳು ಗಾಳಿಗೆ ಉಬ್ಬಿ ಇಳಿಯುತ್ತಿದ್ದವು. ವಾಸನೆಗೆ ಮೊದಲ ದಿನ ನಾನು ಎರಡು ಸಲ ವಾಂತಿ ಮಾಡಿಕೊಂಡೆ. ಎರಡನೆಯ ದಿನದಿಂದ ಅಭ್ಯಾಸವಾಯಿತು.

ಡಯಾಪರುಗಳನ್ನು ಬಿಚ್ಚುವಾಗ ಚೆಲುವಾಂಬ ನಮ್ಮನ್ನು ದೂರ ಸರಿಸಿ ತಾನೊಬ್ಬಳೇ ಕೂರುತ್ತಿದ್ದಳು. ಎರಡನೆಯ ದಿನ ಸಿದ್ದಮ್ಮ ದೋಟಿ ಗೋಡೆಗೆ ಒರಗಿಸಿ ಬಂದು ಅವಳ ಪಕ್ಕದಲ್ಲೇ ಕೂತಳು. ಇವನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ ಬೇರೆ ಇಡಬೇಕು, ಸೂಜಿಗಳನ್ನು ಮುಚ್ಚಳವಿರುವ ಡಬ್ಬಕ್ಕೆ ಹಾಕಬೇಕು, ಊರಾಚೆ ಇವನ್ನು ಸುಡಲೆಂದೇ ಮುಚ್ಚಿದ ಕುಲುಮೆಯಿದೆ ಎಂದು ತಾನೇ ಒಂದನ್ನು ಸುತ್ತಿ ತೋರಿಸಿದಳು. ಆಮೇಲೆ ತಲೆ ಎತ್ತದೆ ಹೇಳಿದಳು:

"ಈ ಬೀದೀಲಿ ಏಳು ಮನೆಯಿಂದ ಇಂಥದ್ದು ಬತ್ತದೆ ಕಣವ್ವ. ನಸುಕಲ್ಲಿ ನನ್ನ ಗಾಡಿ ತಳಕ್ಕೆ ತಂದು ಇಟ್ಟು ಹೋಯ್ತಾರೆ. ಯಾವ್ ಮನೆ ಅಂತ ಮಾತ್ರ ನನ್ನ ಕೇಳ್ಬ್ಯಾಡಿ."

ಚೆಲುವಾಂಬಳ ಕೈ ನಿಂತಿತು. ಏಳು ಮನೆ ಎಂದು ಅವಳು ಮೆಲ್ಲಗೆ ಹೇಳಿಕೊಂಡಳು. ನಾನೂ ಮನಸ್ಸಿನಲ್ಲೇ ಬೀದಿಯ ಬಾಗಿಲುಗಳನ್ನು ಒಂದೊಂದಾಗಿ ದಾಟುತ್ತಾ ಹೋದೆ. ಯಾವ ಬಾಗಿಲ ಮುಂದೆ ನಿಲ್ಲಬೇಕೆಂದು ತಿಳಿಯಲಿಲ್ಲ.

ನಾಲ್ಕನೆಯ ಮಧ್ಯಾಹ್ನದ ಹೊತ್ತಿಗೆ ಒಂದೇ ಚೀಲ ಉಳಿದಿತ್ತು. ಸಿದ್ದಮ್ಮ ಕೊಕ್ಕೆ ಎತ್ತುವಾಗ ಕೆಳಗಿನಿಂದ ಬಿಳಿಗಿರಯ್ಯ ಕರೆದರು. ಮೂವರೂ ಇಳಿದು ಹೋದೆವು. ದಿನದಿನಕ್ಕೆ ಒಂದೊಂದು ಗೇಣು ಬಿಸಿಲು ಅವರ ಕಿಟಕಿಯಿಂದ ಒಳಗೆ ಬಂದಿತ್ತು, ಅವತ್ತು ಅದು ಮಂಚದ ಅಂಚನ್ನು ಮುಟ್ಟಿತ್ತು. ಅವರು ಎಡಗೈಯನ್ನು ಆ ಬಿಸಿಲಿನಲ್ಲಿ ಇಟ್ಟುಕೊಂಡಿದ್ದರು. ನಾವು ತಾರಸಿಯಲ್ಲಿ ಆಡಿದ ಮಾತೆಲ್ಲ ಮೆಟ್ಟಿಲಿನಿಂದ ಅವರಿಗೆ ಕೇಳುತ್ತಿತ್ತೆಂದು ಆಗ ಗೊತ್ತಾಯಿತು.

"ಅದೊಂದು ಇರ್ಲಿ," ಎಂದರು. ಮಾತು ತೊದಲುತ್ತಿತ್ತು, ಆದರೆ ಅರ್ಥವಾಗುತ್ತಿತ್ತು. "ನಿನ್ನ ಹೊಲಿಗೆ ಪೇಪರು ಅದ್ರಲ್ಲೂ ಇರ್ತವೆ, ಎಲ್ರೂ ನೋಡ್ಲಿ. ಹೊಲ್ದಿದ್ದು ನೀನು. ನನ್ನ ಹೆಸರಲ್ಲಿ ಯಾಕೆ ಹೋಗ್ಬೇಕು?"

ಬೇಡ ಎಂದು ಚೆಲುವಾಂಬ ತುಂಬ ಹೇಳಿದಳು. ಯಾರೂ ಬಟ್ಟೆ ಕೊಡುವುದಿಲ್ಲ ಎಂದಳು, ಅತ್ತಳು. ಅವರು ಈ ಸಲ ಗೋಡೆಯ ಕಡೆ ಮುಖ ತಿರುಗಿಸಲಿಲ್ಲ.

ಎಂಟನೆಯ ದಿನ ಬೆಳಿಗ್ಗೆ ಬೀದಿಯವರೆಲ್ಲ ಬಂದರು. ತಲೆ ಎತ್ತಿ ನೋಡಲು ಅನುಮತಿ ಇರುವ ದಿನ ಅದೊಂದೇ ಆದ್ದರಿಂದ ಎಲ್ಲರೂ ಒಟ್ಟಿಗೆ ಮೇಲೆ ನೋಡಿದರು. ಅಷ್ಟು ದೊಡ್ಡ ಹಿಂಡು ಇದ್ದ ಜಾಗದಲ್ಲಿ ಒಂದೇ ಒಂದು ಚೀಲ ತೂಗಾಡುತ್ತಿತ್ತು. ಕೆಲವರಿಗೆ ನಿರಾಶೆಯಾದದ್ದು ಮುಖದಲ್ಲೇ ಕಂಡಿತು. ಚೆಲುವಾಂಬ ಸಿದ್ದಮ್ಮನ ಕೈಯಿಂದ ದೋಟಿ ಇಸಿದುಕೊಂಡು ತಾನೇ ಚೀಲವನ್ನು ಎಳೆದು ನಡುಬೀದಿಯಲ್ಲಿ ಕೂತು ಬಿಚ್ಚಿದಳು. ಈರುಳ್ಳಿ ಸಿಪ್ಪೆಯನ್ನು ಒಂದು ಕಡೆ ಇಟ್ಟಳು. ಮಾತ್ರೆಯ ಹಾಳೆಗಳನ್ನು ಒಂದು ಕಡೆ ಇಟ್ಟಳು. ಡಯಾಪರನ್ನು ಪೇಪರಿನಲ್ಲಿ ಸುತ್ತಿ ಕೆಂಪು ಗುರುತು ಹಾಕಿ, ಮುಚ್ಚಿಡದೆ ಎಲ್ಲರಿಗೂ ಕಾಣುವಂತೆ ಇಟ್ಟಳು. ಕೊನೆಗೆ ದಾರದ ಹೊಲಿಗೆಯಿದ್ದ ಹಾಳೆಗಳನ್ನೂ ಹಾಳಾದ ತೋಳುಗಳನ್ನೂ ಮಡಿಲಲ್ಲಿ ಹಾಕಿಕೊಂಡು ಎದ್ದು ನಿಂತಳು.

"ನಮ್ಮ ಯಜಮಾನರು ಹಾಸಿಗೆ ಹಿಡಿದು ಎರಡು ತಿಂಗಳಾಯ್ತು," ಎಂದಳು. "ಈ ಯುಗಾದಿಗೆ ನಿಮಗೆಲ್ಲ ಹೊಲಿದು ಕೊಟ್ಟಿದ್ದು ನಾನು. ಬೇಡ ಅನ್ನೋರ ಬಟ್ಟೆ ಒಳಗಿದೆ, ತಗೊಂಡು ಹೋಗಿ. ಬಾವಿ ಕೆಟ್ಟಿದ್ದೂ ನನ್ನಿಂದಾನೆ. ಅದನ್ನ ತೊಳೆಯೋಕೆ ನಾನು ಮೊದಲು ಇಳೀತೀನಿ."

ಹೊಸ ಬ್ಲೌಸು ತೊಟ್ಟು ಬಂದಿದ್ದ ಇಬ್ಬರು ಹೆಂಗಸರು ತಮ್ಮ ತೋಳನ್ನೇ ತಿರುಗಿಸಿ ನೋಡಿಕೊಂಡರು. ಒಂಬತ್ತು ಜನ ಒಳಗೆ ಹೋಗಿ ತಮ್ಮ ಬಟ್ಟೆ ತೆಗೆದುಕೊಂಡು, ಯಾರ ಮುಖವನ್ನೂ ನೋಡದೆ ಹೊರಟರು. ಉಳಿದವರದು ಅಲ್ಲೇ ಉಳಿಯಿತು. ಸಣ್ಣತಮ್ಮಯ್ಯ ಮಂಚದ ಹತ್ತಿರ ಹೋಗಿ ಬಿಳಿಗಿರಯ್ಯನವರ ಕಾಲ ಬಳಿ ಕೂತು, ಹೊದಿಕೆ ಸರಿಪಡಿಸಿ ಎದ್ದು ಬಂದರು. ಮುಂದಿನ ವಾರ ಸಿದ್ದಮ್ಮನ ಗಾಡಿಯ ಮುಂಭಾಗದಲ್ಲಿ ಕೆಂಪು ಪಟ್ಟಿಯ ಹೊಸ ಬುಟ್ಟಿಯೊಂದು ಬಂತು. ಬಿಸಿಲೇರಿದ ಮೇಲೇ ಜನ ಬಾಗಿಲು ತೆರೆದು ಬಂದು ಪೇಪರಿನಲ್ಲಿ ಸುತ್ತಿದ್ದನ್ನು ಅದರಲ್ಲಿ ಹಾಕಿದರು. ಎಣಿಸಬಾರದು ಎಂದುಕೊಂಡೇ ಎಣಿಸಿದೆ. ಹತ್ತು ಮನೆ. ಅವುಗಳಲ್ಲಿ ಒಂದು ಸಣ್ಣತಮ್ಮಯ್ಯನವರದೇ.

ಬಾವಿಯನ್ನು ಪೂರ್ತಿ ಬರಿದು ಮಾಡಿ, ಹೂಳೆತ್ತಿ, ಗೋಡೆಯ ಕಲ್ಲುಗಳನ್ನು ಉಜ್ಜಿದೆವು. ಚೆಲುವಾಂಬ ಹೇಳಿದಂತೆ ಮೊದಲು ಇಳಿದಳು, ಎರಡನೆಯವಳಾಗಿ ನಾನು ಇಳಿದೆ. ಆದರೂ ನೀರು ಆ ಬೇಸಿಗೆಯಲ್ಲಿ ಬಾಯಿಗೆ ಇಡುವ ಹಾಗಾಗಲಿಲ್ಲ. ಮುಂಗಾರು ಒಂದು ಹೋಗಿ ಇನ್ನೊಂದು ಬಂದ ಮೇಲಷ್ಟೇ ಕಪ್ಪೆಗಳು ಮೆಟ್ಟಿಲಿಳಿದು ಹೋದವು. ನೆಲ ಕುಡಿದದ್ದನ್ನು ಮರೆಯಲು ಅಷ್ಟು ದಿನ ಬೇಕಾಯಿತು.

ಬಾವಿ ತೊಳೆದ ಮಾರನೆಯ ದಿನ ನಾನು ಒಂದು ಬ್ಲೌಸ್ ಪೀಸು ಹಿಡಿದುಕೊಂಡು ಅವರ ಮನೆಗೆ ಹೋದೆ. ಅಳತೆ ಪುಸ್ತಕದಲ್ಲಿ ನನ್ನದು ಇತ್ತು, ಆದರೆ ಚೆಲುವಾಂಬ ಪುಸ್ತಕ ತೆರೆಯಲಿಲ್ಲ. ಟೇಪು ಕೊರಳಿಗೆ ಹಾಕಿಕೊಂಡು ನನ್ನನ್ನು ಕಿಟಕಿಯ ಬೆಳಕಿಗೆ ನಿಲ್ಲಿಸಿದಳು. ಮಂಚದಿಂದ ಬಿಳಿಗಿರಯ್ಯ, ವಿಶಾಲಮ್ಮನವರು ಸಣ್ಣಗಾಗಿದ್ದಾರೆ, ಭುಜ ನೋಡಿಕೊಂಡು ಅಳೆ ಎಂದರು. ಅವಳು ಹ್ಞೂಂ ಎಂದಳು. ಭುಜ ಅಳೆದು, ಬೆನ್ನು ಅಳೆದು, ಪೆನ್ಸಿಲಿನಿಂದ ಬರೆದುಕೊಂಡಳು. ಅಷ್ಟು ಹತ್ತಿರದಲ್ಲಿ ಅವಳ ಉಸಿರು ನನ್ನ ಕತ್ತಿಗೆ ತಾಗುತ್ತಿತ್ತು. ಏನಾದರೂ ಹೇಳಬೇಕು ಎನ್ನಿಸಿ, ಚೆಲುವಾ ಎಂದು ಕರೆದೆ.

"ನನಗಿನ್ನೂ ಕೋಪ ಹೋಗಿಲ್ಲ ಅಕ್ಕ," ಎಂದಳು ಅವಳು. "ಕೈ ಎತ್ತಿ."

ನಾನು ಕೈ ಎತ್ತಿದೆ.